ಸುರಪುರದ ಗುಡ್ಡದ ಮೇಲಿನ ಚಿತ್ರಕಾರ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನಾಡನ್ನು ರಾಯಚೂರು ದೋಆಬ್ ಎಂದು ಕರೆಯುವುದು ರೂಢಿ. ಈ ನಾಡಿನ ಪಶ್ಚಿಮ ಭಾಗದಲ್ಲಿ ಲಿಂಗಸುಗೂರು ಇದೆ. ಊರಿನ ಸುತ್ತಲೂ ಎರೆಯ ಹೊಲಗಳು. ಅವುಗಳ ನಡುನಡುವೆ ಯಾರೋ ಬಂಡೆಗಳನ್ನು ತಂದು ಒಟ್ಟಿದರೆಂಬಂತೆ ತೋರುವ ಕಲ್ಲುಗುಡ್ಡಗಳು. ಜೋಳ, ತೊಗರಿ, ಹತ್ತಿಗಳು ಇಲ್ಲಿಯ ಬೆಳೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಊರು ಹೈದರಾಬಾದಿನ ನಿಜಾಮನ ಹೆಸರಿನಲ್ಲಿದ್ದ, ಇಂಗ್ಲಿಷ್ ಅಧಿಕಾರಿಗಳು ನಡೆಸುತ್ತಿದ್ದ ಸೈನ್ಯದ ಠಾಣೆಯಾಗಿತ್ತು. 1905ರ ವರೆಗೆ ಒಂದು ಜಿಲ್ಲೆಯೂ ಇದರ ಹೆಸರಿನಲ್ಲಿಯೇ ಇತ್ತು. ಲಿಂಗಸುಗೂರಿನಿಂದ ಉತ್ತರಕ್ಕೆ ಹೋಗಿ ಕೃಷ್ಣೆಯನ್ನು ದಾಟಿದರೆ ಸುರಪುರ. ಬೇಡ ನಾಯಕರು ಆಳಿದ ಆ ಸಂಸ್ಥಾನದ ರಾಜಧಾನಿಯು ಗುಡ್ಡಗಳ ಮಡಿಲಲ್ಲಿ ಅಡಗಿ ಕುಳಿತ ಊರು. ಅಲ್ಲಿ ಒಂದು ಗುಡ್ಡದ ನೆತ್ತಿಯ ಮೇಲೆ ಹಳೆಯ ಬಂಗಲೆಯೊಂದಿದೆ. ಜನರು ಅದನ್ನು ಟೇಲರ್ ಮಂಜಿಲ್ ಎನ್ನುತ್ತಾರೆ. ಆ ಬಂಗಲೆಯನ್ನು ಕಟ್ಟಿಸಿ ಅದರಲ್ಲಿ ಬಹುಕಾಲ ಒಂಟಿಯಾಗಿ ಬಾಳಿದವನು ಫಿಲಿಪ್ ಮೆಡೋಸ್ ಟೇಲರ್. ಅವನು ಆಡಳಿತಗಾರನೆಂದೂ ಕಾದಂಬರಿಕಾರನೆಂದೂ ಪ್ರಸಿದ್ಧನಾದವನು. ಆದರೆ ಇವೆರಡಕ್ಕೂ ಬೆನ್ನೆಲುಬಾಗಿ ನಿಂತ ಮೂರನೆಯ ಗುಣವೊಂದು ಅವನಲ್ಲಿತ್ತು. ಅವನು ಚಿತ್ರ ಬರೆಯುತ್ತಿದ್ದನು. ಕಂಡದ್ದನ್ನು ಕಂಡಂತೆಯೇ ಬರೆಯಬೇಕೆಂಬ ಹಟ ಅವನಿಗಿತ್ತು.

ಟೇಲರನು 1808ನೆಯ ಇಸವಿ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದನು. ತಂದೆ ವ್ಯಾಪಾರಿ. ವ್ಯಾಪಾರದಲ್ಲಿ ನಷ್ಟವುಂಟಾಗಿ ಮನೆತನದ ಸ್ಥಿತಿ ಕುಸಿದುದರಿಂದ ಹುಡುಗನ ವಿದ್ಯಾಭ್ಯಾಸವು ಅರ್ಧಕ್ಕೆ ನಿಂತಿತು. ಹದಿನೈದನೆಯ ವಯಸ್ಸಿನಲ್ಲಿಯೇ ಅವನನ್ನು ಮುಂಬಯಿಯ ಒಬ್ಬ ವರ್ತಕನ ಬಳಿ ಗುಮಾಸ್ತೆಯಾಗಿರಲು ಹಡಗು ಹತ್ತಿಸಲಾಯಿತು. ಇಂದು ನೀವು ಒಂಬತ್ತನೆಯ ತರಗತಿಯಲ್ಲಿ ಕುಳಿತಿರುವ ವಯಸ್ಸು ಅದು. 1824ರಲ್ಲಿ ಮುಂಬಯಿಗೆ ಬಂದಿಳಿದಾಗ ಅವನು ನಂಬಿ ಬಂದಿದ್ದ ಆ ವ್ಯಾಪಾರವೂ ಮುಳುಗುವ ಸ್ಥಿತಿಯಲ್ಲಿತ್ತು. ಅಲ್ಲಿಯ ಸರ್ಕಾರದಲ್ಲಿ ಉನ್ನತ ಹುದ್ದೆಯಲ್ಲಿದ್ದ ಬಂಧುವೊಬ್ಬನ ನೆರವಿನಿಂದ ನಿಜಾಮನ ಸೈನ್ಯದಲ್ಲಿ ಕಿರಿಯ ಅಧಿಕಾರಿಯ ಸ್ಥಾನ ದೊರೆಯಿತು. ಹುಡುಗನು ಔರಂಗಾಬಾದಿಗೆ ಹೊರಟನು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈಸ್ಟ್ ಇಂಡಿಯಾ ಕಂಪನಿಯ ನೇರ ಸೇವೆಯಲ್ಲಿದ್ದ ಇಂಗ್ಲಿಷರಿಗೆ ಇದ್ದ ಮಾನಮರ್ಯಾದೆಗಳು ನಿಜಾಮನ ಸೇವೆಯಲ್ಲಿದ್ದವರಿಗೆ ಇರಲಿಲ್ಲ. ಕಂಪನಿಯ ಅಧಿಕಾರಿಗಳು ತಮ್ಮ ದೇಶದ ಕಾಲೇಜುಗಳಲ್ಲಿ ಕಲಿತು ಬರುತ್ತಿದ್ದರು. ಟೇಲರನಿಗೆ ಕಾಲೇಜೂ ಇಲ್ಲ, ಪದವಿಯೂ ಇಲ್ಲ. ತನ್ನವರ ನಡುವೆಯೇ ಅವನು ಒಂದು ಮೆಟ್ಟಿಲು ಕೆಳಗಿನವನು. ಈ ಕೊರತೆಯನ್ನು ಅವನು ತುಂಬಿಕೊಂಡ ರೀತಿ ಮೆಚ್ಚತಕ್ಕದ್ದು. ಪಾರಸಿ, ಹಿಂದೂಸ್ತಾನಿ, ಮರಾಠಿ ಭಾಷೆಗಳನ್ನು ಶ್ರಮಪಟ್ಟು ಕಲಿತನು. ಇನ್ನೂ ಹದಿಹರೆಯದಲ್ಲಿರುವಾಗಲೇ ನಿಜಾಮನ ರಾಜ್ಯದ ನೈರುತ್ಯದ ಜಿಲ್ಲೆಗಳಲ್ಲಿ ಪೋಲೀಸು ಅಧಿಕಾರಿಯಾಗಿ ನೇಮಕಗೊಂಡನು. ಕುದುರೆಯ ಮೇಲೆ ಹಳ್ಳಿಯಿಂದ ಹಳ್ಳಿಗೆ ಸುತ್ತುವುದು, ಗುಡಾರದಲ್ಲಿ ಮಲಗುವುದು, ಪಟೇಲ ಕುಲಕರ್ಣಿಯರೊಡನೆ ಮಾತನಾಡುವುದು, ಸಂತೆ ಜಾತ್ರೆಗಳಲ್ಲಿ ನಿಂತು ನೋಡುವುದು ಅವನ ಪಾಠಶಾಲೆಯಾಯಿತು. ದಾರಿಹೋಕರನ್ನು ಉಪಾಯದಿಂದ ಕೊಲ್ಲುತ್ತಿದ್ದ ಠಕ್ಕರ ಸುಳಿವು ಅವನಿಗೆ ಆಗಲೇ ಸಿಕ್ಕಿತ್ತು. ಆದರೆ ತನಿಖೆ ಮುಗಿಯುವ ಮೊದಲೇ ಅವನನ್ನು ಮರಳಿ ಸೈನ್ಯಕ್ಕೆ ಕರೆಸಿಕೊಂಡರು. ಠಕ್ಕರ ಗುಟ್ಟನ್ನು ಬಯಲಿಗೆಳೆದ ಕೀರ್ತಿ ಸ್ಲೀಮನ್ ಎಂಬ ಅಧಿಕಾರಿಗೆ ಸಂದಿತು. ಮುಂದೆ ಅದೇ ವಿಷಯವನ್ನು ಕುರಿತು ಟೇಲರನು ಬರೆದ ‘ಕನ್ಫೆಷನ್ಸ್ ಆಫ್ ಎ ಥಗ್’ ಎಂಬ ಕಾದಂಬರಿ 1839ರಲ್ಲಿ ಪ್ರಕಟವಾಗಿ ಇಂಗ್ಲೆಂಡಿನಲ್ಲೆಲ್ಲ ಮನೆಮಾತಾಯಿತು. ವಿಕ್ಟೋರಿಯಾ ರಾಣಿಯೂ ಅದನ್ನು ಆಸಕ್ತಿಯಿಂದ ಓದಿದಳು.

ಈ ಸುತ್ತಾಟದಲ್ಲಿ ಅವನ ಜೊತೆಗೆ ಸದಾ ಇರುತ್ತಿದ್ದುದು ಚಿತ್ರ ಬರೆಯುವ ಹಲಗೆ ಮತ್ತು ಸೀಸದ ಕಡ್ಡಿ. ಛಾಯಾಚಿತ್ರದ ವಿದ್ಯೆ ಲೋಕಕ್ಕೆ ತಿಳಿದುಬಂದುದು 1839ರಲ್ಲಿ. ಅದಕ್ಕಿಂತ ಮೊದಲು ಒಂದು ಕೋಟೆಯ ಆಕಾರವನ್ನಾಗಲಿ ಒಂದು ಗುಡ್ಡದ ಸಾಲನ್ನಾಗಲಿ ದೂರದವರಿಗೆ ತೋರಿಸಬೇಕಾದರೆ ಕೈಯಿಂದಲೇ ಬರೆಯಬೇಕಾಗಿತ್ತು. ಟೇಲರನ ರೇಖಾಚಿತ್ರಗಳು ಕಲ್ಲಚ್ಚಿನಲ್ಲಿ ಮುದ್ರಣಗೊಂಡು ‘ಸ್ಕೆಚಸ್ ಇನ್ ದ ಡೆಕ್ಕನ್’ ಎಂಬ ಹೆಸರಿನಿಂದ 1837ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಅವನ ಹೆಸರನ್ನು ಹೊತ್ತ ಮೊದಲ ಪುಸ್ತಕವು ಕಥೆಯದಲ್ಲ, ಚಿತ್ರದ್ದು ಎಂಬುದು ನೆನಪಿಡಬೇಕಾದ ಮಾತು.

ಅವನು ದೊಡ್ಡ ಚಿತ್ರಕಾರನಾಗಿದ್ದನೆಂದು ಇಲ್ಲಿ ಹೇಳುತ್ತಿಲ್ಲ. ಚಿತ್ರಕಲೆ ಅವನ ಕಸುಬಾಗಿರಲಿಲ್ಲ. ಆದರೆ ಅವನ ಕಾಲದ ಯೂರೋಪಿನಲ್ಲಿ ಚಿತ್ರಕಲೆಯು ಒಂದು ಹೊಸ ದಾರಿಯನ್ನು ಹಿಡಿಯುತ್ತಲಿತ್ತು. ಅಲ್ಲಿಯ ವರೆಗೆ ದೊಡ್ಡ ಚಿತ್ರವೆಂದರೆ ದೇವತೆಗಳು, ಅರಸರು, ಯುದ್ಧಗಳು. ಫ್ರಾನ್ಸಿನ ಕೂರ್ಬೆ ಎಂಬ ಚಿತ್ರಕಾರನು 1849ರಲ್ಲಿ ರಸ್ತೆಯ ಬದಿಯಲ್ಲಿ ಜಲ್ಲಿಕಲ್ಲು ಒಡೆಯುತ್ತಿದ್ದ ಇಬ್ಬರು ಕೂಲಿಗಳನ್ನು ದೊಡ್ಡ ಪಟದ ಮೇಲೆ ಬರೆದು ನೋಡಿದವರನ್ನು ಬೆಚ್ಚಿಬೀಳಿಸಿದನು. ಮಿಲೆ ಎಂಬ ಇನ್ನೊಬ್ಬನು 1857ರಲ್ಲಿ ಕೊಯ್ಲಾದ ಹೊಲದಲ್ಲಿ ಬಾಗಿ ಹಕ್ಕಲು ಆಯುತ್ತಿರುವ ಮೂವರು ಬಡ ಹೆಂಗಸರನ್ನು ಚಿತ್ರಿಸಿದನು. ನಮ್ಮ ಎರೆಹೊಲಗಳಲ್ಲಿ ಸುಗ್ಗಿ ಮುಗಿದ ಮೇಲೆ ಬಿದ್ದ ತೆನೆಗಳನ್ನು ಆಯ್ದು ಮಡಿಲಿಗೆ ತುಂಬಿಕೊಳ್ಳುವ ಹೆಂಗಸರನ್ನು ಕಂಡವರಿಗೆ ಆ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದ್ದುದನ್ನು ಇದ್ದಂತೆ, ಅಲಂಕರಿಸದೆ, ದಿನದ ಬಾಳಿನಿಂದಲೇ ಆಯ್ದು ಬರೆಯುವ ಈ ಕಲೆಗೆ ವಾಸ್ತವವಾದವೆಂದು ಹೆಸರಾಯಿತು. ಮಿಲೆಯ ಚಿತ್ರಗಳಲ್ಲಿ ಮನುಷ್ಯರು ಸಾಮಾನ್ಯವಾಗಿ ಒಬ್ಬೊಬ್ಬರೇ ಇರುತ್ತಾರೆ. ಗುಂಪಿನಲ್ಲಿದ್ದರೂ ಒಬ್ಬರ ಮುಖವನ್ನು ಒಬ್ಬರು ನೋಡುವುದಿಲ್ಲ. ಅವರ ಸುತ್ತ ಬಯಲು ಹರಡಿರುತ್ತದೆ. ಟೇಲರನಿಗೆ ಈ ಚಿತ್ರಕಾರರ ಒಡನಾಟವಿರಲಿಲ್ಲ. ಆದರೂ ಅದೇ ದಶಕಗಳಲ್ಲಿ, ಪ್ಯಾರಿಸ್ಸಿನಿಂದ ಸಾವಿರಾರು ಮೈಲಿ ದೂರದ ಕೃಷ್ಣೆಯ ದಂಡೆಯಲ್ಲಿ, ಅಂಥದೇ ಬಯಲಿನ ಎದುರು ಅವನೂ ಒಬ್ಬನೇ ಕುಳಿತಿದ್ದನು.

ಅವನು ಅಲ್ಲಿಗೆ ಬಂದ ಬಗೆಯನ್ನು ಈಗ ನೋಡೋಣ. 1832ರಲ್ಲಿ ಅವನು ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು ಮೇರಿಯನ್ನು ಮದುವೆಯಾಗಿದ್ದನು. ಪಾಮರನ ತಾಯಿ ಭಾರತೀಯ ಮನೆತನದ ಮುಸ್ಲಿಂ ಮಹಿಳೆ. ಹೀಗಾಗಿ ಟೇಲರನ ಮನೆಯಲ್ಲಿಯೇ ಎರಡು ನಾಡುಗಳ ರಕ್ತ ಬೆರೆತಿತ್ತು. ಸ್ವದೇಶದಲ್ಲಿ ಕೆಲವು ಕಾಲ ಇದ್ದು ಮರಳಿದ ಮೇಲೆ, 1841ರಲ್ಲಿ ಹೈದರಾಬಾದಿನ ರೆಸಿಡೆಂಟನಾಗಿದ್ದ ಫ್ರೇಸರನು ಅವನನ್ನು ಸುರಪುರಕ್ಕೆ ಕಳುಹಿಸಿದನು. ಸಂಸ್ಥಾನವು ಸಾಲದಲ್ಲಿ ಮುಳುಗಿತ್ತು. ದೊರೆ ಕೃಷ್ಣಪ್ಪನಾಯಕನು 1842ರಲ್ಲಿ ತೀರಿಕೊಂಡನು. ಮಗ ವೆಂಕಟಪ್ಪನಾಯಕನು ಏಳೆಂಟು ವರ್ಷದ ಬಾಲಕ. ರಾಣಿ ಈಶ್ವರಮ್ಮನದು ಒಂದು ಪಕ್ಷ, ದೊರೆಯ ತಮ್ಮ ಪಿಡ್ಡನಾಯಕನದು ಇನ್ನೊಂದು ಪಕ್ಷ. ಶಸ್ತ್ರ ಹಿಡಿದ ಸಾವಿರಾರು ಬೇಡರು ಯಾವ ಕ್ಷಣದಲ್ಲಾದರೂ ಕತ್ತಿ ಹಿರಿಯಬಹುದಾಗಿತ್ತು. ಟೇಲರನು ಬಲಪ್ರಯೋಗಕ್ಕಿಂತ ಮಾತಿನಲ್ಲಿ ಹೆಚ್ಚು ನಂಬಿಕೆಯಿಟ್ಟು, ಎರಡು ಪಕ್ಷಗಳನ್ನೂ ಹತೋಟಿಗೆ ತಂದು, ಬಾಲದೊರೆಯ ಹೆಸರಿನಲ್ಲಿ ಸಂಸ್ಥಾನವನ್ನು ನಡೆಸಲು ತೊಡಗಿದನು. ರಸ್ತೆಗಳಾದವು, ಹಣಕಾಸು ನೆಟ್ಟಗಾಯಿತು. ಹಿಂದೆ ಪಾಮನಾಯಕನ ಕಾಲದಲ್ಲಿ ಕಟ್ಟಿದ ಬೋನಾಳ ಕೆರೆಯನ್ನು ಟೇಲರನು ಸರಿಪಡಿಸಿ ಹಿಗ್ಗಿಸಿದನು. ಆ ಕೆರೆಯು ಇಂದು ಸಹಸ್ರಾರು ಹಕ್ಕಿಗಳು ಬಂದಿಳಿಯುವ ಪಕ್ಷಿಧಾಮವಾಗಿದೆ.

ಸುರಪುರಕ್ಕೆ ಬಂದ ಕೆಲವೇ ವರ್ಷಗಳಲ್ಲಿ ಪತ್ನಿ ಮೇರಿ ಮರಣಹೊಂದಿದಳು. ಚಿಕ್ಕ ಹೆಣ್ಣುಮಕ್ಕಳಿಬ್ಬರೂ ಸಮುದ್ರದಾಚೆ ಬಂಧುಗಳ ಆಸರೆಯಲ್ಲಿ ಬೆಳೆಯಬೇಕಾಯಿತು. ಟೇಲರನು ಮತ್ತೆ ಮದುವೆಯಾಗಲಿಲ್ಲ. ಆಗ ಅವನಿಗೆ ಇನ್ನೂ ನಲವತ್ತೂ ತುಂಬಿರಲಿಲ್ಲ. ತನ್ನ ಭಾಷೆಯನ್ನಾಡುವವರು ಸಿಗಬೇಕಾದರೆ ಕೃಷ್ಣೆಯನ್ನು ಹರಿಗೋಲಿನಲ್ಲಿ ದಾಟಿ ಲಿಂಗಸುಗೂರಿನ ಠಾಣೆಗೆ ಬರಬೇಕು. ಮಳೆಗಾಲದಲ್ಲಿ ನದಿ ತುಂಬಿದರೆ ಅದೂ ಇಲ್ಲ. ಇಂಗ್ಲೆಂಡಿನಿಂದ ಕಾಗದ ಬರಲು ವಾರಗಟ್ಟಲೆ ಕಾಯಬೇಕು. ಹಗಲೆಲ್ಲ ಕಚೇರಿಯಲ್ಲಿ ಜನರ ಗದ್ದಲವಿದ್ದರೂ ಸಂಜೆಯಾದೊಡನೆ ಗುಡ್ಡದ ಮೇಲಿನ ಮನೆಯಲ್ಲಿ ಅವನೊಬ್ಬನೇ. ಇಂತಹ ಒಂಟಿತನವು ಅನೇಕರನ್ನು ಕುಡಿತಕ್ಕೋ ಕ್ರೌರ್ಯಕ್ಕೋ ತಳ್ಳಿದ ಉದಾಹರಣೆಗಳು ಆ ಕಾಲದ ಅಧಿಕಾರಿಗಳ ಬಾಳಿನಲ್ಲಿ ಬೇಕಾದಷ್ಟಿವೆ. ಟೇಲರನು ಆ ಹೊತ್ತನ್ನು ನೋಡುವುದಕ್ಕೆ ಬಳಸಿದನು. ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಹನ್ನೆರಡು ಹದಿಮೂರು ವರ್ಷ ಬರಹಗಳನ್ನು ಕಳುಹಿಸಿದನು, ಓದಿದನು, ಚಿತ್ರ ಬರೆದನು. ಬಂಗಲೆಯ ಅಂಗಳದಲ್ಲಿ ನಿಂತರೆ ಸುತ್ತಲಿನ ಗುಡ್ಡಗಳು, ಅವುಗಳ ಸಂದಿಯಲ್ಲಿ ಊರಿನ ಮಾಳಿಗೆಗಳು, ಆಚೆಗೆ ಬಯಲು, ಬಯಲಿನಲ್ಲಿ ದನಗಳ ಹಿಂದೆ ಏಳುವ ಧೂಳು ಕಾಣುತ್ತವೆ. ಒಂಟಿಯಾಗಿರುವವನಿಗೆ ಪರರ ದಿನಚರಿಯೇ ಒಂದು ಸಂಗಾತ. ಯಾವ ಹೊತ್ತಿಗೆ ಯಾವ ಮನೆಯ ಹೊಗೆ ಏಳುತ್ತದೆ, ಯಾವ ಹಾದಿಯಲ್ಲಿ ನೀರಿಗೆ ಹೋಗುತ್ತಾರೆ ಎಂಬುದು ಅವನಿಗೆ ತಿಳಿದುಹೋಗುತ್ತದೆ.

ಅವನ ಈ ನೋಟದ ಅತ್ಯುತ್ತಮ ಫಲವು ದೊರೆತುದು ಒಂದು ವಿಚಿತ್ರವಾದ ಸ್ಥಳದಲ್ಲಿ. ಸುರಪುರದ ಸೀಮೆಯಲ್ಲಿ ರಾಜನಕೋಳೂರು ಎಂಬ ಹಳ್ಳಿಯಿದೆ. ಅದರ ಹತ್ತಿರ ದೊಡ್ಡ ದೊಡ್ಡ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಮುಚ್ಚಿದ ಗೂಡುಗಳ ಸಾಲು ಇದೆ. ಊರವರು ಅವನ್ನು ಮೋರ್ಯರ ಮನೆಗಳೆನ್ನುತ್ತಿದ್ದರು. ಹಿಂದೆ ಮೂರು ಗೇಣು ಎತ್ತರದ, ಆದರೆ ಮಹಾಬಲಶಾಲಿಗಳಾದ ಕುಳ್ಳರು ಇದ್ದರಂತೆ, ಅವರು ಕಟ್ಟಿದ ಮನೆಗಳಂತೆ. ಕುರಿ ಕಾಯುವವರು ಮಳೆ ಬಂದರೆ ಅವುಗಳ ಕೆಳಗೆ ನುಸುಳುವರು. ದಿನವೂ ನೋಡಿ ರೂಢಿಯಾದ ಕಲ್ಲುಗಳನ್ನು ಯಾರೂ ನಿಂತು ನೋಡುತ್ತಿರಲಿಲ್ಲ. ಟೇಲರನು ನಿಂತು ನೋಡಿದನು. ಇಂಗ್ಲೆಂಡ್, ಐರ್ಲೆಂಡುಗಳಲ್ಲಿಯೂ ಹೀಗೆಯೇ ಕಲ್ಲುಗಳನ್ನು ನಿಲ್ಲಿಸಿದ ಪುರಾತನ ಸಮಾಧಿಗಳಿದ್ದುದು ಅವನಿಗೆ ಗೊತ್ತಿತ್ತು. ಅಲ್ಲಿಯವಕ್ಕೂ ಇಲ್ಲಿಯವಕ್ಕೂ ಇದ್ದ ಹೋಲಿಕೆ ಅವನನ್ನು ಬೆರಗುಗೊಳಿಸಿತು. ಪ್ರತಿಯೊಂದು ಚಪ್ಪಡಿಯ ಉದ್ದಗಲಗಳನ್ನು ಅಳೆದು, ನಕ್ಷೆ ತೆಗೆದು, ಚಿತ್ರ ಬರೆದನು. ಬಳಿಕ ಜೇವರ್ಗಿಯ ಬಳಿ ಕಲ್ಲುಗಳನ್ನು ವೃತ್ತಾಕಾರವಾಗಿ ಹೂಡಿದ್ದ ಸಮಾಧಿಗಳನ್ನು ಅಗೆಯಿಸಿದನು.

ಆ ಕಾಲದಲ್ಲಿ ಹಳೆಯ ಗೋರಿಗಳನ್ನು ಅಗೆಯುವುದೆಂದರೆ ನಿಧಿಗಾಗಿ ಅಗೆಯುವುದು. ಸಿಕ್ಕ ಕತ್ತಿಯನ್ನೋ ಮಡಕೆಯನ್ನೋ ಎತ್ತಿಕೊಂಡು ಉಳಿದುದನ್ನು ಚೆಲ್ಲಿಬಿಡುತ್ತಿದ್ದರು. ಟೇಲರನು ಹಾಗೆ ಮಾಡಲಿಲ್ಲ. ಅಗೆದ ಗುಂಡಿಯ ಬದಿಯನ್ನು ನೆಟ್ಟಗೆ ಕಡಿಸಿ, ಮೇಲಿನಿಂದ ಕೆಳಗಿನ ವರೆಗೆ ಮಣ್ಣಿನ ಪದರಗಳು ಹೇಗಿವೆ, ಕಲ್ಲು ಎಷ್ಟು ಆಳದಲ್ಲಿದೆ, ಮಡಕೆಗಳು ಎಲ್ಲಿವೆ, ಅಸ್ಥಿಪಂಜರ ಯಾವ ಭಂಗಿಯಲ್ಲಿ ಮಲಗಿದೆ ಎಂಬುದನ್ನೆಲ್ಲ ಅಳತೆಗೆ ಸರಿಯಾಗಿ ಚಿತ್ರಿಸಿದನು. ಹಲ್ವವನ್ನು ಕುಯ್ದು ಒಳಗಿನ ಪದರಗಳನ್ನು ತೋರಿಸುವಂತೆ ಭೂಮಿಯನ್ನೇ ಕುಯ್ದು ತೋರಿಸಿದ ಚಿತ್ರಗಳು ಅವು. ಕೆಲವು ಸಮಾಧಿಗಳಲ್ಲಿ ರುಂಡವು ಮುಂಡದಿಂದ ಬೇರೆಯಾಗಿ ಇತ್ತು. ಇಂತಹ ಭಯಾನಕ ಸಂಗತಿಯನ್ನು ಕಂಡ ಚಿತ್ರಕಾರನು ಅದನ್ನು ಮತ್ತಷ್ಟು ಭಯಾನಕವಾಗಿ ಬರೆಯಲು ಆಸೆಪಡುವುದು ಸಹಜ. ಟೇಲರನ ಲೇಖನಿ ಕದಲಲಿಲ್ಲ. ಮೂಳೆ ಇದ್ದೆಡೆಯಲ್ಲಿ ಮೂಳೆಯನ್ನು, ಮಡಕೆ ಇದ್ದೆಡೆಯಲ್ಲಿ ಮಡಕೆಯನ್ನು ಬರೆದನು. ಈ ಸಂಶೋಧನೆಗಳು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಮೂಲಕವೂ ಮುಂದೆ ಐರ್ಲೆಂಡಿನ ರಾಯಲ್ ಅಕಾಡೆಮಿಯ ಮೂಲಕವೂ ಪ್ರಕಟವಾದವು. ಸುಮಾರು ನೂರು ವರ್ಷಗಳ ತರುವಾಯ, 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಪ್ರಸಿದ್ಧ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರನು, ಉತ್ಖನನದ ವಿಧಾನವನ್ನು ಕುರಿತು 1954ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಟೇಲರನ ಈ ಚಿತ್ರವನ್ನು ಮಾದರಿಯೆಂದು ಹೊಗಳಿದನು. ಚಿತ್ರಕಲೆಯ ಚರಿತ್ರೆಯಲ್ಲಿ ಟೇಲರನಿಗೆ ಸ್ಥಾನ ದೊರೆಯಲಿಲ್ಲ. ಆದರೆ ಕಂಡದ್ದನ್ನು ಕಂಡಂತೆ ಬರೆದ ಗುಣಕ್ಕಾಗಿ ವಿಜ್ಞಾನದ ಚರಿತ್ರೆಯಲ್ಲಿ ಅವನ ಚಿತ್ರಕ್ಕೆ ಸ್ಥಾನ ದೊರೆಯಿತು.

ಎಷ್ಟೇ ಹರಿತವಾದ ಕಣ್ಣಾದರೂ ಎಲ್ಲವನ್ನೂ ಕಾಣಲಾರದಷ್ಟೆ. ಲಿಂಗಸುಗೂರಿಗೆ ಅಷ್ಟೇನೂ ದೂರವಲ್ಲದ ಮಸ್ಕಿಯ ಗುಡ್ಡದಲ್ಲಿ ಅಶೋಕ ಚಕ್ರವರ್ತಿಯ ಹೆಸರುಳ್ಳ ಬಂಡೆಗಲ್ಲು ಎರಡು ಸಾವಿರ ವರ್ಷಗಳಿಂದ ಮಲಗಿತ್ತು. ಅದು ವಿದ್ವಾಂಸರ ಕಣ್ಣಿಗೆ ಬಿದ್ದುದು 1915ರಲ್ಲಿ.

ಇತ್ತ ಬಾಲದೊರೆ ವೆಂಕಟಪ್ಪನಾಯಕನು ಟೇಲರನ ಕಣ್ಣೆದುರಿನಲ್ಲಿಯೇ ಬೆಳೆಯುತ್ತಿದ್ದನು. ತಂದೆಯಿಲ್ಲದ ಹುಡುಗನು, ಮಕ್ಕಳಿಂದ ದೂರವಿದ್ದ ಈ ಪರದೇಶಿಯನ್ನು ಅಪ್ಪನೆಂದೇ ಕರೆಯುತ್ತಿದ್ದನು. ಆ ಹುಡುಗನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮರಣಹೊಂದುವನೆಂದು ಅವನ ಜಾತಕವನ್ನು ಬರೆದವರು ಹೇಳಿದ್ದರು. ಅರಮನೆಯ ಒಳಗಿನವರಿಗಷ್ಟೇ ತಿಳಿದಿದ್ದ ಈ ಗುಟ್ಟು ಟೇಲರನಿಗೂ ತಿಳಿದುಬಂದಿತ್ತು. 1853ರಲ್ಲಿ ದೊರೆ ವಯಸ್ಕನಾದುದರಿಂದ ಸಂಸ್ಥಾನವನ್ನು ಅವನ ಕೈಗೆ ಒಪ್ಪಿಸಿ ಟೇಲರನು ಸುರಪುರವನ್ನು ಬಿಟ್ಟನು. ಅದೇ ವರ್ಷ ನಿಜಾಮನು ಸಾಲಕ್ಕಾಗಿ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಜಿಲ್ಲೆಗಳಲ್ಲಿ ಒಂದಾದ ನಳದುರ್ಗಕ್ಕೆ ಡೆಪ್ಯುಟಿ ಕಮಿಷನರನಾಗಿ ಹೋದನು. ಅಲ್ಲಿಯ ಜನರ ಬಾಯಿಯಲ್ಲಿ ಮೆಡೋಸ್ ಎಂಬ ಹೆಸರು ಮಹಾದೇವ ಬಾಬಾ ಎಂದು ತಿರುಗಿತು. 1857ರಲ್ಲಿ ಉತ್ತರ ಭಾರತವು ದಂಗೆಯೆದ್ದಾಗ ಅವನನ್ನು ಬೀರಾರ ಪ್ರಾಂತಕ್ಕೆ ಕಳುಹಿಸಲಾಯಿತು.

ಸುರಪುರದಲ್ಲಿ ಪರಿಸ್ಥಿತಿ ಬೇರೆಯಾಗುತ್ತಲಿತ್ತು. ತರುಣ ದೊರೆಗೆ ತನ್ನ ನಾಡಿನ ಮೇಲೆ ಪರರ ಕೈ ಇರುವುದು ಸಹನೆಯಾಗಲಿಲ್ಲ. 1858ರ ಫೆಬ್ರವರಿಯಲ್ಲಿ ಅವನು ಇಂಗ್ಲಿಷರ ಮೇಲೆ ಕತ್ತಿ ಹಿರಿದನು. ಸುರಪುರದ ಬಳಿ ನಡೆದ ಹೋರಾಟದಲ್ಲಿ ಇಂಗ್ಲಿಷರ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಆದರೆ ದೊಡ್ಡ ಸೈನ್ಯಗಳು ಮುತ್ತಿಕೊಳ್ಳುವುದನ್ನು ಕಂಡು ದೊರೆಯು ಸುರಪುರದಿಂದ ಹೊರಬಿದ್ದು ಹೈದರಾಬಾದಿಗೆ ಹೋದನು. ಅಲ್ಲಿ ಅವನು ಸೆರೆಸಿಕ್ಕಿದನು. ಕರ್ನಾಟಕದ ಸ್ವಾತಂತ್ರ್ಯ ಹೋರಾಟದ ಚರಿತ್ರೆಯಲ್ಲಿ ಸುರಪುರದ ವೆಂಕಟಪ್ಪನಾಯಕನ ಹೆಸರು ಈ ಕಾರಣದಿಂದ ಚಿರಸ್ಥಾಯಿಯಾಗಿದೆ.

ಟೇಲರನು ಸೆರೆಮನೆಗೆ ಹೋಗಿ ಅವನನ್ನು ಕಂಡನು. ದೊರೆಯು ಬಾಲ್ಯದಲ್ಲಿ ಮಾಡುತ್ತಿದ್ದಂತೆಯೇ ಅವನ ಕೊರಳನ್ನು ತಬ್ಬಿಕೊಂಡನು. ಇಬ್ಬರಿಗೂ ಮಾತು ಕಷ್ಟವಾಯಿತು. ಈ ಭೇಟಿಯನ್ನು ಟೇಲರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದನ್ನು ಓದುವಾಗ ಅವನ ದುಃಖವು ನಿಜವಾದುದೆಂಬುದರಲ್ಲಿ ಸಂದೇಹ ಹುಟ್ಟುವುದಿಲ್ಲ. ಆದರೆ ಅವನ ನೋಟದ ಮಿತಿಯೂ ಅಲ್ಲಿಯೇ ತೋರುತ್ತದೆ. ಹುಡುಗನು ದುಷ್ಟರ ಮಾತು ಕೇಳಿ ಕೆಟ್ಟನೆಂದೇ ಅವನು ತಿಳಿದನು. ಅವನು ಪ್ರೀತಿಸಿದ್ದ ಆ ಹುಡುಗನೊಳಗೆ ಒಬ್ಬ ಸ್ವತಂತ್ರ ದೊರೆಯೂ ಇದ್ದನೆಂಬುದು ಇಂಗ್ಲಿಷರ ಆಳ್ವಿಕೆಯು ಒಳ್ಳೆಯದೆಂದು ನಂಬಿದ್ದ ಟೇಲರನಿಗೆ ಕಾಣಲಿಲ್ಲ. ಮಣ್ಣಿನ ಪದರಗಳನ್ನು ಒಂದೊಂದಾಗಿ ಬಿಡಿಸಿ ಕಂಡಿದ್ದ ಕಣ್ಣು ಅದು.

ಸೈನಿಕ ನ್ಯಾಯಾಲಯವು ದೊರೆಗೆ ಮರಣದಂಡನೆಯನ್ನು ವಿಧಿಸಿತು. ರೆಸಿಡೆಂಟನು ಅದನ್ನು ದ್ವೀಪಾಂತರವಾಸಕ್ಕೆ ಇಳಿಸಿದನು. ಗವರ್ನರ್ ಜನರಲನು ಅದನ್ನೂ ಇಳಿಸಿ ಮದರಾಸಿನ ಬಳಿಯ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆವಾಸವನ್ನು ಗೊತ್ತುಮಾಡಿದನು. ಬದುಕುವ ಆಸೆ ಮರಳಿ ಚಿಗುರಿತು. ಆದರೆ ಚೆಂಗಲ್‌ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡು ತಗುಲಿ ದೊರೆಯು ಸತ್ತನು. ಆಕಸ್ಮಿಕವೋ ಆತ್ಮಹತ್ಯೆಯೋ ಎಂಬುದು ಕಡೆಯ ವರೆಗೂ ತೀರ್ಮಾನವಾಗಲಿಲ್ಲ. ಅವನ ವಯಸ್ಸು ಜಾತಕದಲ್ಲಿ ಹೇಳಿದ ವಯಸ್ಸೇ ಆಗಿತ್ತು.

ಆ ವೇಳೆಗೆ ಟೇಲರನನ್ನು ಮರಳಿ ಈ ಸೀಮೆಗೇ ನೇಮಿಸಿದ್ದರು. ಸುರಪುರದ ಜೊತೆಗೆ ಲಿಂಗಸುಗೂರಿನ ಭಾಗವೂ ಅವನ ಆಡಳಿತಕ್ಕೆ ಸೇರಿತು. ಹದಿನೇಳು ವರ್ಷಗಳ ಹಿಂದೆ ಕಾಲಿಟ್ಟ ಊರಿಗೆ ಅವನು ಮತ್ತೆ ಬಂದನು. ಗುಡ್ಡ ಅದೇ, ಬಂಗಲೆ ಅದೇ. ಅಪ್ಪನೆಂದು ಕರೆಯುತ್ತಿದ್ದವನು ಇರಲಿಲ್ಲ. ಲಿಂಗಸುಗೂರು ಸೀಮೆಯಲ್ಲಿ ಕೃಷ್ಣೆಯು ಎರಡಾಗಿ ಒಡೆದು ಹರಿಯುವೆಡೆಯಲ್ಲಿ ನಡುಗಡ್ಡೆಯ ಮೇಲೆ ಜಲದುರ್ಗವೆಂಬ ಕೋಟೆಯಿದೆ. ಕಡಿದಾದ ಬಂಡೆಗಳ ಕೆಳಗೆ ನದಿಯು ಮಳೆಗಾಲದಲ್ಲಿ ಭೋರ್ಗರೆಯುತ್ತದೆ. ದಕ್ಷಿಣಕ್ಕೆ ಮುದಗಲ್ಲಿನ ಕೋಟೆ. ಆ ಊರಿನಲ್ಲಿ ಬಿಜಾಪುರದ ಸುಲ್ತಾನರ ಕಾಲದಿಂದಲೂ ಬಾಳಿಕೊಂಡು ಬಂದ ಕ್ರೈಸ್ತರ ಒಂದು ಸಣ್ಣ ಸಮುದಾಯ. ಈ ಸ್ಥಳಗಳು ಅವನ ಮನಸ್ಸಿನಲ್ಲಿ ಅಳಿಯದಂತೆ ನಿಂತುವು. 1860ರಲ್ಲಿ ಸುರಪುರ ಮತ್ತು ರಾಯಚೂರು ದೋಆಬುಗಳೆರಡೂ ನಿಜಾಮನಿಗೆ ಸೇರಿದವು. ಅದೇ ವರ್ಷ, ಆರೋಗ್ಯ ಕೆಟ್ಟುದರಿಂದ, ಟೇಲರನು ಭಾರತವನ್ನು ಬಿಟ್ಟನು.

ಐರ್ಲೆಂಡಿನ ಡಬ್ಲಿನ್ ನಗರದ ಅಂಚಿನ ಮನೆಯೊಂದರಲ್ಲಿ ಅವನು ನೆಲೆಸಿದನು. ಮೊದಮೊದಲು ಮಿದುಳಿನ ಬಳಲಿಕೆಯಿಂದ ಓದಲು ಬರೆಯಲು ಆಗದಂತಿದ್ದನು. ಚೇತರಿಸಿಕೊಂಡ ಮೇಲೆ ಬರೆದ ಕಾದಂಬರಿಗಳಲ್ಲಿ ಮೂರು ಹೆಸರಾದವು. ‘ತಾರಾ’ 1657ರ ಕಾಲವನ್ನೂ, ‘ರಾಲ್ಫ್ ಡಾರ್ನೆಲ್’ 1757ನ್ನೂ, ‘ಸೀತಾ’ 1857ನ್ನೂ ಕುರಿತವು. ಇವುಗಳಲ್ಲಿ ‘ತಾರಾ’ ಉತ್ತಮವಾದುದು. ತುಳಜಾಪುರದ ಗುಡಿ, ಅರ್ಚಕನ ಮನೆ, ಬೆಳಗಿನ ಪೂಜೆ, ಹೆಂಗಸರ ಮಾತುಕತೆ ಇವೆಲ್ಲವೂ ಅಲ್ಲಿ ಪರದೇಶಿಯ ಕುತೂಹಲವಾಗಿ ಕಾಣದೆ ನೆರೆಮನೆಯವನ ನೆನಪಾಗಿ ಕಾಣುತ್ತವೆ. ಕಥೆಯ ಹೆಣಿಗೆ ಅಲ್ಲಲ್ಲಿ ಸಡಿಲವಾಗಿದೆಯೆಂಬುದು ನಿಜ, ಚಿತ್ರಣ ಸಡಿಲವಾಗಿಲ್ಲ. ಇವಲ್ಲದೆ ಬಿಜಾಪುರದ ಕಟ್ಟಡಗಳು, ಧಾರವಾಡ ಮತ್ತು ಮೈಸೂರು ಸೀಮೆಯ ದೇವಾಲಯಗಳನ್ನು ಕುರಿತು 1866ರಲ್ಲಿ ಹೊರಬಂದ ಎರಡು ಭಾರಿ ಛಾಯಾಚಿತ್ರ ಗ್ರಂಥಗಳಿಗೆ ಚಾರಿತ್ರಿಕ ಭಾಗವನ್ನು ಅವನು ಬರೆದನು. 1868ರಿಂದ 1875ರ ವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ ‘ದ ಪೀಪಲ್ ಆಫ್ ಇಂಡಿಯಾ’ ಎಂಬ ಗ್ರಂಥಕ್ಕೂ ಅವನ ಬರವಣಿಗೆ ಸೇರಿದೆ. ಆ ಗ್ರಂಥವು ಜನರನ್ನು ಜಾತಿ ಪಂಗಡಗಳ ಮಾದರಿಗಳಂತೆ ಸಾಲಾಗಿ ನಿಲ್ಲಿಸಿದುದು ಇಂದಿನವರಿಗೆ ಒಪ್ಪಿಗೆಯಾಗುವಂತಹುದಲ್ಲ. ಯಂತ್ರವು ತೆಗೆದ ಚಿತ್ರಕ್ಕಿಂತ, ಸುರಪುರದ ಸೀಮೆಯಲ್ಲಿ ಅಳೆದು ಅಳೆದು ಕೈಯಿಂದ ಬರೆದ ಚಿತ್ರದಲ್ಲಿಯೇ ಹೆಚ್ಚು ಗೌರವವಿತ್ತು.

1875ರಲ್ಲಿ ಅವನ ದೃಷ್ಟಿ ಕುಂದತೊಡಗಿತು. ಬಾಳೆಲ್ಲ ಕಣ್ಣನ್ನೇ ನಂಬಿದವನಿಗೆ ಇದಕ್ಕಿಂತ ದೊಡ್ಡ ಆಘಾತವಿಲ್ಲ. ವೈದ್ಯರ ಸಲಹೆಯಂತೆ ಚಳಿಗಾಲವನ್ನು ಬೆಚ್ಚಗಿನ ನಾಡಿನಲ್ಲಿ ಕಳೆಯಲೆಂದು, ಹೈದರಾಬಾದಿನ ದಿವಾನ ಸಾಲಾರ್ ಜಂಗನ ಆಹ್ವಾನವನ್ನು ಮನ್ನಿಸಿ, ಮತ್ತೊಮ್ಮೆ ಭಾರತಕ್ಕೆ ಬಂದನು. ಇಲ್ಲಿ ಜ್ವರ ಹಿಡಿಯಿತು. ಮರಳಿ ಹೋಗುವ ದಾರಿಯಲ್ಲಿ, ಫ್ರಾನ್ಸಿನ ಮಾಂಟನ್ ಎಂಬ ಕಡಲ ಊರಿನಲ್ಲಿ, 1876ರ ಮೇ 13ರಂದು ತೀರಿಕೊಂಡನು. ಮಗಳು ಆಲಿಸ್ ಅವನ ಆತ್ಮಕಥೆಯನ್ನು ಸಂಪಾದಿಸಿ ಮರುವರ್ಷ ಪ್ರಕಟಿಸಿದಳು.

ಅವನು ಬರೆದಿಟ್ಟಿದ್ದ ಕೊನೆಯ ಕಾದಂಬರಿ ‘ಎ ನೋಬಲ್ ಕ್ವೀನ್’ 1878ರಲ್ಲಿ ಅಚ್ಚಾಯಿತು. ಅಹಮದ್‌ನಗರದ ಚಾಂದಬೀಬಿಯನ್ನು ಕುರಿತ ಕಥೆ ಅದು. ಆದರೆ ಆ ವೀರರಾಣಿಯ ಕಥೆಯ ಮೊದಲ ಪುಟಗಳಲ್ಲಿ ಬರುವುದು ಅಹಮದ್‌ನಗರವಲ್ಲ. ಕೃಷ್ಣೆಯ ದಂಡೆಯ ಬೇಡರ ಹಳ್ಳಿ, ನೆರೆ ಬಂದ ನದಿ, ನದಿಯ ನಡುವಿನ ಜಲದುರ್ಗ. ಮುಂದೆ ಸ್ವಲ್ಪ ದೂರದಲ್ಲಿ ಮುದಗಲ್ಲಿನ ಪಾದ್ರಿ ಮತ್ತು ಅವನ ತಂಗಿ.